ಒಂದು ಚಿತ್ರಕ್ಕೆ ಒಂದೇ ಸುಳ್ಳು

ಓದುಗರ ಪ್ರಶ್ನೆ, ಕಲಾವಿದೆಯ ಉತ್ತರ

ಇಪ್ಪತ್ತೆರಡು ವರ್ಷದಿಂದ ವೈಜ್ಞಾನಿಕ ಕಥೆಗಳಿಗೆ ಚಿತ್ರ ಬರೆಯುತ್ತಿದ್ದೇನೆ. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಯಾವ ಕಥೆಗೂ ಅಲ್ಲದೆ, ಯಾರೂ ಕೇಳದೆ, ನನ್ನ ಖುಷಿಗೆ ಬರೆದುಕೊಂಡ ನಾಲ್ಕು ಚಿತ್ರಗಳು ಹೋದ ತಿಂಗಳು ಈ ಪತ್ರಿಕೆಯಲ್ಲಿ ಬಂದಿದ್ದವು. ಅದಾದ ಮೇಲೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಂಗಳ ಗ್ರಹದ ಚಿತ್ರದಲ್ಲಿ ನೆಲಕ್ಕೆ ಹಚ್ಚಿದ ಕೆಂಪು ಎಲ್ಲೋ ನೋಡಿದ ಹಾಗಿದೆ. ಯಾವ ಕಂಪನಿ ಬಣ್ಣ ಮೇಡಂ ಅದು? (ಓದುಗರೊಬ್ಬರು, ಸಂಡೂರು)

ನಿಮ್ಮ ಮನೆ ಹೊಸ್ತಿಲಲ್ಲೇ ನೋಡಿರುತ್ತೀರಿ ಸರ್. ಅದು ಯಾವ ಕಂಪನಿಯದೂ ಅಲ್ಲ, ಜಾಜು. ಹಬ್ಬ ಬಂತೆಂದರೆ ಗೋಡೆಯ ಕೆಳಗೆ ಪಟ್ಟಿ ಬಳಿಯಲು ನಮ್ಮ ಅವ್ವ ತರುತ್ತಿದ್ದ ಅದೇ ಕೆಂಪು ಉಂಡೆ. ರಾತ್ರಿ ನೀರಲ್ಲಿ ನೆನೆ ಹಾಕುತ್ತೇನೆ. ಬೆಳಿಗ್ಗೆ ಚೆನ್ನಾಗಿ ಕದಡಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಇನ್ನೊಂದು ಬೋಗುಣಿಗೆ ಬಗ್ಗಿಸುತ್ತೇನೆ. ಮರಳು ತಳದಲ್ಲಿ ಉಳಿಯುತ್ತದೆ. ಹಳೆ ವಾಯಿಲ್ ಸೀರೆ ತುಂಡಲ್ಲಿ ಎರಡು ಸಲ ಸೋಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬೋಗುಣಿಯ ಅಡಿಯಲ್ಲಿ ಬೆಣ್ಣೆಯಂಥ ಕೆಸರು ಕೂತಿರುತ್ತದೆ. ಅದಕ್ಕೆ ಗೋಂದಿನ ನೀರು ಸೇರಿಸಿದರೆ ಬಣ್ಣ ಆಯಿತು. ಬೆರಳ ನಡುವೆ ಉಜ್ಜಿದರೆ ಒಂದು ಕಾಳೂ ತಾಕಬಾರದು.

ಜಾಜಿಗೆ ಆ ಕೆಂಪು ಬಂದದ್ದು ಕಬ್ಬಿಣದಿಂದ. ಮಂಗಳದ ನೆಲ ಕೆಂಪಾದದ್ದೂ ಕಬ್ಬಿಣಕ್ಕೆ ತುಕ್ಕು ಹಿಡಿದೇ. ನಿಮ್ಮ ಸಂಡೂರು ಗುಡ್ಡದಿಂದ ಲಾರಿಗಳಲ್ಲಿ ಹೋಗುವ ಅದಿರು ಹೆಮಟೈಟ್, ಜಾಜಿಗೆ ಕೆಂಪು ಕೊಡುವ ಅದೇ ಕಬ್ಬಿಣದ ಖನಿಜ. 2004ರಲ್ಲಿ ನಾಸಾದ ಆಪರ್ಚುನಿಟಿ ಗಾಡಿ ಮಂಗಳದಲ್ಲಿ ಇಳಿದಾಗ ಅದರ ಚಕ್ರದ ಸುತ್ತ ಸಣ್ಣ ಸಣ್ಣ ಗೋಲಿಗಳು ಹರಡಿಕೊಂಡಿದ್ದವು. ಅವುಗಳಲ್ಲಿ ಸಿಕ್ಕಿದ್ದೂ ಹೆಮಟೈಟೇ. ಅದನ್ನು ಓದಿದ ದಿನ ಅಂಗಡಿಯಿಂದ ತಂದಿದ್ದ ಕೆಂಪು ಟ್ಯೂಬನ್ನು ಎತ್ತಿಟ್ಟುಬಿಟ್ಟೆ. ಮಂಗಳ ಬರೆಯಲು ಮಂಗಳದ ಸಾಮಾನೇ ಮನೆಯಲ್ಲಿದೆ, ಅಲ್ವಾ?

ಅದೇ ಚಿತ್ರದಲ್ಲಿ ಸೂರ್ಯ ಮುಳುಗುವ ಕಡೆ ನೀಲಿ ಹಚ್ಚಿದ್ದೇನೆ. ತಪ್ಪಾಗಿದೆ ಎಂದು ಮೂವರು ಬರೆದಿದ್ದಾರೆ. ತಪ್ಪಲ್ಲ. ಅಲ್ಲಿ ಹಗಲ ಆಕಾಶ ಮಣ್ಣಿನ ಬಣ್ಣ, ಸಂಜೆ ಸೂರ್ಯನ ಸುತ್ತ ಮಾತ್ರ ನೀಲಿ. ಗಾಳಿಯಲ್ಲಿರುವ ತೀರಾ ನುಣ್ಣನೆ ಧೂಳಿನಿಂದ ಹಾಗಾಗುತ್ತದೆ. ನಮ್ಮ ಸಂಜೆಯ ತಿರುಗು ಮುರುಗು.

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಓದುತ್ತಿದ್ದೇನೆ. ಬೇರೆ ಲೋಕದ ಚಿತ್ರ ಬರೆಯಲು ಕೂತರೆ ಎಲ್ಲಾ ಮೊಬೈಲಿನಲ್ಲಿ ನೋಡಿದ ಹಾಗೇ ಬರುತ್ತದೆ. ನನ್ನದು ಅನ್ನುವುದು ಬರುವುದೇ ಇಲ್ಲ. ಏನು ಮಾಡಲಿ? (ವಿದ್ಯಾರ್ಥಿನಿ, ಸಿರುಗುಪ್ಪ)

ನೋಡು ತಂಗಿ, ನಾನು ಇಟ್ಟುಕೊಂಡಿರುವ ಲೆಕ್ಕ ಒಂದೇ. ಒಂದು ಚಿತ್ರಕ್ಕೆ ಒಂದೇ ಸುಳ್ಳು. ಮಿಕ್ಕಿದ್ದೆಲ್ಲಾ ಕಣ್ಣಾರೆ ಕಂಡದ್ದಾಗಿರಬೇಕು. ಹಾರುವ ಊರು, ಆರು ಕಾಲಿನ ಪ್ರಾಣಿ, ಹಸಿರು ಆಕಾಶ ಎಲ್ಲವನ್ನೂ ಒಟ್ಟಿಗೆ ತುಂಬಿದರೆ ನೋಡುವವರಿಗೆ ನಿಲ್ಲಲು ನೆಲವೇ ಸಿಗುವುದಿಲ್ಲ.

ನನ್ನ 'ಕಿಂಡಿ' ಚಿತ್ರವನ್ನೇ ತೆಗೆದುಕೋ. ಕೊಪ್ಪಳ ಜಿಲ್ಲೆ ಗಂಗಾವತಿ ಹತ್ತಿರ ಹಿರೇಬೆಣಕಲ್ ಇದೆಯಲ್ಲ, ಅಲ್ಲಿ ಗುಡ್ಡದ ಮೇಲೆ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಗೂಡುಗಳಿವೆ. ಸುಮಾರು 400. ಎರಡು ಸಾವಿರ ವರ್ಷಕ್ಕೂ ಹಳೆಯವು, ಸತ್ತವರ ನೆನಪಿಗೆ ಕಟ್ಟಿದ್ದು. ಊರವರು ಮೋರೇರ ಗುಡ್ಡ ಅನ್ನುತ್ತಾರೆ. ಮೋರೇರು ಅಂದರೆ ಗಿಡ್ಡ ಜನ ಅಂತ ಹಿರಿಯರ ಮಾತು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಈ ಜಾಗ ಸೇರಿತು. ಕೆಲವು ಗೂಡುಗಳ ಚಪ್ಪಡಿಯಲ್ಲಿ ದುಂಡನೆ ಕಿಂಡಿ ಕೊರೆದಿದ್ದಾರೆ. ಮೊದಲ ಸಲ ನೋಡಿದಾಗ ಎದೆ ಝಲ್ಲೆಂದಿತು. ಹಡಗಿನ ಕಿಟಕಿಯೇ ಅದು. ಯಾವುದೋ ದೂರದ ಪ್ರಯಾಣಕ್ಕೆ ಹೊರಟವರು ಕಲ್ಲಲ್ಲಿ ಮಾಡಿಕೊಂಡ ಹಡಗು.

ಮನೆಗೆ ಬಂದು ನೆನಪಿನಿಂದ ಬರೆದೆ. ಕಿಂಡಿಯ ಒಳಗೆಲ್ಲಾ ಕಪ್ಪು ತುಂಬಿದೆ. ಚಿತ್ರ ಸತ್ತೇ ಹೋಯಿತು. ಯಾಕೆ ಅಂತ ತಿಳಿಯದೆ ಇನ್ನೊಂದು ಸಲ ಹೋದೆ. ಬೆಳಗಿನ ಆರೂವರೆಗೆ ಒಂದು ಬದಿ ಚಪ್ಪಡಿ ಬಿದ್ದಿದ್ದ ಗೂಡಿನ ಮುಂದೆ ಕೂತೆ. ಕಿಂಡಿಯಿಂದ ಬಂದ ಬಿಸಿಲು ಒಳಗೆ ರೊಟ್ಟಿಯಷ್ಟು ಅಗಲದ ಉಂಗುರವಾಗಿ ನೆಲಕ್ಕೆ ಬಿದ್ದಿತ್ತು. ಆ ಉಂಗುರದಿಂದ ಎದ್ದ ಬೆಳಕು ಮೇಲಿನ ಚಪ್ಪಡಿಯ ಹೊಟ್ಟೆಗೆ ತಾಗಿ ಅದೆಲ್ಲಾ ಬೆಲ್ಲದ ಬಣ್ಣ. ಮೂಲೆಗಳಲ್ಲಿ ಸ್ವಲ್ಪ ನೇರಳೆ. ಕಪ್ಪು ಎಲ್ಲೂ ಇರಲಿಲ್ಲ! ಉಂಗುರ ಒಂದು ಗೇಣು ಸರಿಯುವಷ್ಟರಲ್ಲಿ ಮೂರು ಹಾಳೆ ತುಂಬಿಸಿದೆ.

ಅಷ್ಟೂ ನಿಜ. ಸುಳ್ಳು ಯಾವುದು ಗೊತ್ತಾ? ಕಿಂಡಿಯ ಆಚೆ ಎರಡು ಚಂದ್ರ ಇಟ್ಟೆ. ಇಟ್ಟ ಮೇಲೆ ಆ ಸುಳ್ಳಿಗೆ ನಾವು ನಿಯತ್ತಾಗಿರಬೇಕು. ಎರಡು ಚಂದ್ರ ಇದ್ದರೆ ಪ್ರತಿ ಕಲ್ಲಿಗೂ ಎರಡು ನೆರಳು. ರಾತ್ರಿ ಲೈಟ್ ಆರಿಸಿ, ಎರಡು ಟಾರ್ಚು ಹಚ್ಚಿ, ನಡುವೆ ಒರಳಿನ ಗುಂಡು ಇಟ್ಟು ನೋಡಿದೆ. ಎರಡು ನೆರಳು ಒಂದರ ಮೇಲೊಂದು ಬೀಳುವ ಕಡೆ ಮಾತ್ರ ದಟ್ಟ ಕಪ್ಪು, ಬೇರೆ ಕಡೆ ಬೂದು. ನೀನೂ ಮಾಡಿ ನೋಡು. ನಿಮ್ಮೂರ ಭತ್ತದ ಗದ್ದೆಯಲ್ಲಿ ನಾಟಿಗೆ ಮುಂಚೆ ನೀರು ನಿಂತಾಗ ಅದಕ್ಕಿಂತ ಬೇರೆ ಲೋಕ ಬೇಕಾ? ಅದನ್ನು ಹತ್ತು ಸಲ ಬರೆ. ಹನ್ನೊಂದನೆಯದಕ್ಕೆ ನಿನ್ನ ಸುಳ್ಳು ತಾನಾಗಿ ಬರುತ್ತದೆ. ಬರೆದದ್ದನ್ನು ನನಗೆ ಕಳಿಸು.

ಪ್ರಶ್ನೆ: ಕಂಪ್ಯೂಟರಿನಲ್ಲಿ ಬರೆಯುತ್ತೀರಾ, ಕೈಯಲ್ಲಾ? (ಓದುಗರು, ಮಾನ್ವಿ)

ಪತ್ರಿಕೆ ಕೆಲಸ ಕಂಪ್ಯೂಟರಿನಲ್ಲಿ. ತಿದ್ದುವುದು ಸುಲಭ, ಬೇಗ ಕಳಿಸಬಹುದು. ಸ್ವಂತದ್ದು ಹಲಗೆ ಮೇಲೆ, ಕೈಯಲ್ಲಿ. ಬೇಸಿಗೆಯಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಅಕ್ರಿಲಿಕ್ ಬ್ರಷ್ಷಿನಲ್ಲೇ ಒಣಗುತ್ತದೆ. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಣ್ಣ ಇಟ್ಟುಕೊಳ್ಳಿ, ಎರಡು ತಾಸು ತಡೆಯುತ್ತದೆ.

ಪ್ರಶ್ನೆ: ನಿಮಗೆ ಈ ದಾರಿ ತೋರಿಸಿದವರು ಯಾರು? (ಶಿಕ್ಷಕರು, ಕೊಪ್ಪಳ)

ಮೊದಲು ನಮ್ಮಪ್ಪ. ಊರೂರ ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ ಸೀನು, ಬೀದಿ ಸೀನು, ಕಾಡಿನ ಸೀನು. ಅಂಗಳದಲ್ಲಿ ಪರದೆ ಹಾಸಿ, ಬಿಸಿನೀರಲ್ಲಿ ಅಂಟು ಕರಗಿಸಿ, ಬಣ್ಣದ ಪುಡಿ ಕಲಸಿ, ಉದ್ದನೆ ಕೋಲಿಗೆ ಬ್ರಷ್ ಕಟ್ಟಿ ನಿಂತೇ ಬರೆಯುವರು. ಬಣ್ಣ ಒಣಗಿದ ಮೇಲೆ ಎಷ್ಟು ತಿಳಿಯಾಗುತ್ತದೆ ಅಂತ ಮೊದಲೇ ಅಂದಾಜು ಮಾಡುವರು. ಕಾಡಿನ ಸೀನಿನಲ್ಲಿ ದೂರದ ಗುಡ್ಡ ಬರೆಯುವಾಗ ಬಣ್ಣಕ್ಕೆ ಒಂದು ಹಿಡಿ ಬಿಳಿ ಪುಡಿ ಹಾಕುತ್ತಿದ್ದರು. ದೂರ ಹೋದಷ್ಟೂ ಗಾಳಿ ಜಾಸ್ತಿ, ಗಾಳಿ ಜಾಸ್ತಿ ಆದಷ್ಟೂ ಬಣ್ಣ ಕಮ್ಮಿ. ಇವತ್ತಿಗೂ ನಾನು ಬೇರೆ ಗ್ರಹದ ಗುಡ್ಡ ಬರೆಯುವ ಮೊದಲು ಕೇಳಿಕೊಳ್ಳುವುದು, ಇಲ್ಲಿ ಗಾಳಿ ಎಷ್ಟಿದೆ? ಚಂದ್ರನ ಮೇಲೆ ಗಾಳಿಯೇ ಇಲ್ಲ, ಹಾಗಾಗಿ ಹತ್ತು ಮೈಲಿ ಆಚೆಯ ಗುಡ್ಡವೂ ಕಾಲ ಬುಡದ ಕಲ್ಲಿನಷ್ಟೇ ನಿಚ್ಚಳ. ಅಪ್ಪನ ಒಂದು ಹಿಡಿ ಬಿಳಿ ಅಲ್ಲಿ ಬೇಡ.

ದೂರದವರಲ್ಲಿ ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್. 1944ರಲ್ಲಿ ಅವರು ಶನಿಯ ಉಪಗ್ರಹ ಟೈಟಾನಿನ ಮೇಲೆ ನಿಂತರೆ ಶನಿ ಹೇಗೆ ಕಾಣಬಹುದು ಅಂತ ಬರೆದರು. ನೀಲಿ ಆಕಾಶ, ಹಿಮದ ಬಂಡೆಗಳ ನಡುವೆ ಬಳೆ ತೊಟ್ಟ ಶನಿ. ಅರವತ್ತು ವರ್ಷ ಕಳೆದು, 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಟೈಟಾನಿನಲ್ಲಿ ಇಳಿದು ಫೋಟೋ ಕಳಿಸಿತು. ಆಕಾಶ ಕಿತ್ತಳೆ. ಮಬ್ಬು ಎಷ್ಟು ದಟ್ಟ ಅಂದರೆ ಶನಿ ಕಾಣುವ ಹಾಗೇ ಇಲ್ಲ. ನೆಲದಲ್ಲಿ ಹೊಳೆದಂಡೆಯ ಗುಂಡುಕಲ್ಲಿನಂಥ ಕಲ್ಲುಗಳು, ಆದರೆ ನೀರ್ಗಲ್ಲಿನವು. ಬೋನ್‌ಸ್ಟೆಲ್ ಚಿತ್ರವನ್ನು ನಾನು ಈಗಲೂ ಗೋಡೆಯ ಮೇಲೆ ಇಟ್ಟುಕೊಂಡಿದ್ದೇನೆ. ಆವತ್ತು ಗೊತ್ತಿದ್ದಷ್ಟಕ್ಕೆ ಅವರು ಪ್ರಾಮಾಣಿಕರಾಗಿದ್ದರು. ಅದಕ್ಕೇ ಆ ಚಿತ್ರ ಹಳತಾಗಿಲ್ಲ.

ಇನ್ನೊಬ್ಬರು ರಷ್ಯದ ಅಲೆಕ್ಸಿ ಲಿಯೊನೋವ್. 1965ರಲ್ಲಿ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದ ಮೊದಲ ಮನುಷ್ಯ. ಆ ಪ್ರಯಾಣದಲ್ಲೇ ಬಣ್ಣದ ಪೆನ್ಸಿಲಿನಿಂದ ಸೂರ್ಯೋದಯ ಬರೆದರು. ತೇಲಿ ಹೋಗಬಾರದಲ್ಲ, ಪೆನ್ಸಿಲುಗಳನ್ನು ದಾರದಿಂದ ಕಟ್ಟಿಕೊಂಡಿದ್ದರು. ಜೀವ ಕೈಯಲ್ಲಿ ಹಿಡಿದುಕೊಂಡು ಹೋದ ಜಾಗಕ್ಕೂ ಪೆನ್ಸಿಲ್ ಒಯ್ದವರು. ಅವರನ್ನು ನೆನೆಸಿಕೊಂಡರೆ ನನಗೆ ಕಣ್ಣು ತುಂಬುತ್ತದೆ.

ಪ್ರಶ್ನೆ: 'ಎರಡು ಬೂದಿ' ಚಿತ್ರದಲ್ಲಿರುವುದು ನಮ್ಮೂರೇ ಅಲ್ಲವಾ? ಚಿಮಣಿ ನೋಡಿ ಗುರುತು ಹಿಡಿದೆ. ಮುಂದಿರುವ ದಿಬ್ಬ ಯಾಕೆ ಬರೆದಿರಿ? (ಓದುಗರು, ಕುಡತಿನಿ)

ನಿಮ್ಮೂರೇ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಚಿಕ್ಕವಳಿದ್ದಾಗಿನಿಂದ ನೋಡಿದ ದಿಬ್ಬ. ಅದು ಮಣ್ಣಲ್ಲ, ಬೂದಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕುತ್ತಿದ್ದ ಜನ ಸಗಣಿ ಒಟ್ಟಿ ಸುಟ್ಟದ್ದು. ಹಂಪಿ ಬಳಿ ನಿಂಬಾಪುರದಲ್ಲೂ ಇಂಥದೊಂದಿದೆ, ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ನಿಮ್ಮೂರ ದಿಬ್ಬದಲ್ಲಿ ಕೆಲವು ಕಡೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಬೆಂಕಿ ಅಷ್ಟು ಜೋರಿತ್ತು. ಯಾಕೆ ಸುಟ್ಟರು? ಹಬ್ಬಕ್ಕೋ, ದನದ ರೋಗಕ್ಕೋ, ಪಂಡಿತರು ಇನ್ನೂ ವಾದ ಮಾಡುತ್ತಲೇ ಇದ್ದಾರೆ.

ಅದೇ ಊರಲ್ಲಿ ಈಗ 1,700 ಮೆಗಾವಾಟಿನ ಥರ್ಮಲ್ ವಿದ್ಯುತ್ ಸ್ಥಾವರ ಇದೆ. ಅಲ್ಲಿ ಉರಿಯುವುದು ಇಪ್ಪತ್ತೈದು ಕೋಟಿ ವರ್ಷಕ್ಕೂ ಹಿಂದಿನ ಗಿಡಮರ, ಕಲ್ಲಿದ್ದಲಾಗಿ ರೈಲಿನಲ್ಲಿ ಬರುತ್ತದೆ. ಉಳಿಯುವುದು ಮತ್ತೆ ಬೂದಿ. ಒಂದೇ ಊರಲ್ಲಿ ಎರಡು ಕಾಲದ ಬೂದಿ. ನಾನು ಬರೆದದ್ದು ಇನ್ನೂ ನಾಲ್ಕು ಸಾವಿರ ವರ್ಷ ಮುಂದಿನ ಒಂದು ಸಂಜೆ. ಇಬ್ಬರು ಮಕ್ಕಳು ಎರಡೂ ದಿಬ್ಬಗಳ ನಡುವೆ ನಿಂತಿದ್ದಾರೆ. ಚಿಮಣಿ ಅರ್ಧ ಮುರಿದಿದೆ. ಇದನ್ನು ಸುಟ್ಟವರು ಯಾರು, ಯಾಕೆ ಅಂತ ಅವರೂ ಕೇಳುತ್ತಿದ್ದಾರೆ. ಅಲ್ಲಿ ಕೆಲಸ ಮಾಡುವವರ ಮನಸ್ಸು ನೋಯಿಸುವ ಉದ್ದೇಶ ಖಂಡಿತ ಇಲ್ಲ. ಆ ಕರೆಂಟಿನ ಬೆಳಕಲ್ಲೇ ಕೂತು ಬರೆದದ್ದು ನಾನು.

ಪ್ರಶ್ನೆ: ದುಡ್ಡು ಬರದ ಚಿತ್ರಕ್ಕೆ ತಿಂಗಳುಗಟ್ಟಲೆ ಯಾಕೆ ಕೂರುತ್ತೀರಿ? ಮುಂದಿನದು ಯಾವುದು? (ಓದುಗರು, ರಾಯಚೂರು)

ಒಮ್ಮೆ ಒಂದು ಪುಸ್ತಕದ ಮುಖಪುಟಕ್ಕೆ ಕಲ್ಲುಬಂಡೆಗಳ ಲೋಕ ಬರೆದು ಕೊಟ್ಟೆ. ಅಚ್ಚಾಗಿ ಬಂದಾಗ ನನ್ನ ಬಂಡೆಗಳ ಮೇಲೆ ಯಾವುದೋ ಗಾಜಿನ ಗೋಪುರ ಅಂಟಿಸಿದ್ದರು, ನೆರಳು ಉಲ್ಟಾ ದಿಕ್ಕಿಗೆ. ಎರಡು ದಿನ ಊಟ ಸೇರಲಿಲ್ಲ. ಆವತ್ತೇ ನಿರ್ಧಾರ ಮಾಡಿದೆ, ವರ್ಷಕ್ಕೆ ಎರಡಾದರೂ ಚಿತ್ರ ಕೊನೆಯ ಬ್ರಷ್ಷಿನ ತನಕ ನನ್ನದೇ ಆಗಿರಬೇಕು.

ಮುಂದಿನದು ನಿಮ್ಮೂರದೇ. ರಾಯಚೂರು ಕೋಟೆಯಲ್ಲಿ 1294ರ ಶಾಸನ ಇರುವ ಕಲ್ಲು 41 ಅಡಿ ಉದ್ದ. ಅದನ್ನು ಸಾಗಿಸಿದ ರೀತಿಯನ್ನೂ ಗೋಡೆಯಲ್ಲಿ ಗೆರೆಯಲ್ಲಿ ಕೆತ್ತಿದ್ದಾರೆ. ಗಾಲಿಗಳ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಕೋಣಗಳ ಸಾಲು, ಗಾಲಿಗೆ ಸನ್ನೆಕೋಲು ಕೊಟ್ಟು ನೂಕುವ ಜನ. ನನ್ನ ಲೆಕ್ಕದಲ್ಲಿ ಯಂತ್ರದ ಚಿತ್ರ ಬರೆದ ನಮ್ಮ ಹಿರೀಕ ಆ ಹೆಸರಿಲ್ಲದ ಕಲ್ಲುಕುಟಿಗ. ಅದೇ ಕೋಣಗಳು, ಅದೇ ಸನ್ನೆಕೋಲು, ಅದೇ ಜನ ಇರುತ್ತಾರೆ. ಗಾಡಿ ಮೇಲೆ ಮಾತ್ರ ಕಲ್ಲಿನ ಬದಲು ಆಕಾಶದಿಂದ ಬಿದ್ದ ಒಂದು ಹಡಗು.

ಆದರೆ ಕೆತ್ತಿದ ಗೆರೆ ತೆಳು, ನಡುಹಗಲಲ್ಲಿ ಮಾಯವಾಗಿಬಿಡುತ್ತದೆ. ಬಿಸಿಲು ಓರೆಯಾಗಿ ಬೀಳುವಾಗ ನಕಲು ತೆಗೆಯಬೇಕು. ಆ ಗೋಡೆಗೆ ಓರೆ ಬಿಸಿಲು ಬರುವುದು ಬೆಳಿಗ್ಗೆಯೋ ಸಂಜೆಯೋ, ನೀವು ಅಲ್ಲೇ ಇರುವವರು, ಒಮ್ಮೆ ನೋಡಿ ಒಂದು ಕಾರ್ಡು ಹಾಕುತ್ತೀರಾ? ಅದರ ಪ್ರಕಾರ ಬಸ್ಸು ಹತ್ತುತ್ತೇನೆ.