ನವೋದಯ ಮುಚ್ಚುವುದು ಬೇಡ, ನಿಯಮ ತಿದ್ದಲಿ

ಮಾನ್ಯರೇ,

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವ ನೀವು, ಪರೀಕ್ಷೆ ನಡೆಸಿ ಮಕ್ಕಳನ್ನು ಸೇರಿಸಿಕೊಳ್ಳುವ ವಸತಿ ಶಾಲೆಗಳಾದ ನವೋದಯ ವಿದ್ಯಾಲಯಗಳ ಕುರಿತ ನಮ್ಮ ಲೇಖನ ಓದಿ ಕಟುವಾಗಿಯೇ ಬರೆದಿದ್ದೀರಿ. ನಿಮ್ಮ ಶಾಲೆಯಿಂದ ಈವರೆಗೆ ಒಂದು ಮಗುವೂ ಆಯ್ಕೆಯಾಗಿಲ್ಲ, ಸೀಟು ಸಿಗುವುದೆಲ್ಲ ಕೋಚಿಂಗ್ ಸೇರಿದವರಿಗೆ, ಹಾಗಿರುವಾಗ ಇವನ್ನು ಮುಚ್ಚಿ ಆ ಹಣವನ್ನು ಊರ ಶಾಲೆಗಳಿಗೇ ಕೊಡಬಾರದೇಕೆ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಮುಚ್ಚಬೇಕೆಂಬ ಮಾತನ್ನು ಮಾತ್ರ ಒಪ್ಪಲಾರೆ. ಈ ಶಾಲೆಗಳ ಖರ್ಚು ಕೇಂದ್ರ ಸರ್ಕಾರದ್ದು, ಆಡಳಿತ ನವೋದಯ ವಿದ್ಯಾಲಯ ಸಮಿತಿ ಎಂಬ ಸ್ವಾಯತ್ತ ಸಂಸ್ಥೆಯದು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಇಂಥ ವಸತಿ ಶಾಲೆ ಖಾಸಗಿಯವರಲ್ಲಿ ದುಡ್ಡು ಸುರಿದವರಿಗಷ್ಟೇ ಸಿಗುತ್ತದೆ. ಬಡವರ ಮಕ್ಕಳಿಗೆ ಇದೆಲ್ಲ ಏಕೆ ಎಂದು ನಾವೇ ತೀರ್ಮಾನಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ತೊಡಕಿರುವುದು ಒಳಗೆ ಹೋಗುವ ದಾರಿಯಲ್ಲಿ. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ 80 ಪ್ರಶ್ನೆ, ಎರಡು ಗಂಟೆ. ಅದರಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದ ಚಿತ್ರಗಳು. ಕಾಗದವನ್ನು ಮಡಿಸಿ ತೂತು ಹೊಡೆದಿದ್ದಾರೆ, ಬಿಚ್ಚಿದರೆ ಹೇಗೆ ಕಾಣುತ್ತದೆ? ಈ ಆಕೃತಿ ಕನ್ನಡಿಯಲ್ಲಿ ಹೇಗೆ ತೋರುತ್ತದೆ? ಪಠ್ಯಪುಸ್ತಕ ಓದಿದಷ್ಟರಿಂದಲೇ ಮಗು ಇದಕ್ಕೆ ತಯಾರಾಗುವುದಿಲ್ಲ. ಪರೀಕ್ಷೆಯ ಕೊಠಡಿಯಲ್ಲೇ ಮೊದಲ ಸಲ ನೋಡಿದ ಮಗುವಿಗೆ ಏನು ಕೇಳುತ್ತಿದ್ದಾರೆಂದು ತಿಳಿಯುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಕೋಚಿಂಗ್‌ಗೆ ಹೋದ ಮಗು ಅಂಥ ನೂರಾರು ಚಿತ್ರಗಳನ್ನು ತಿದ್ದಿ ಬಂದಿರುತ್ತದೆ. ಎರಡನೆಯ ಸಲ ಬರೆಯುವಂತೆಯೂ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಗ್ರಾಮೀಣ ಕೋಟಾದ ನಿಯಮ. ಮಗು 3, 4, 5ನೆಯ ತರಗತಿಗಳನ್ನು ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಡುವೆ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿದ್ದರೂ ಅದು ನಗರದ ಮಗು. ಪಟ್ಟಣದವರು ಕೊನೆಗಳಿಗೆಯಲ್ಲಿ ಹಳ್ಳಿಯ ಪ್ರಮಾಣಪತ್ರ ಹಿಡಿದು ಬರಬಾರದೆಂಬುದು ಇದರ ಉದ್ದೇಶ, ಸರಿಯೇ. ಆದರೆ ನಿಮ್ಮ ಕಡೆಯಿಂದ ಗುಳೆ ಹೋಗುವವರನ್ನು ನೆನೆಯಿರಿ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದಾಗ ಶೆಡ್ಡಿನಲ್ಲಿದ್ದುಕೊಂಡು, ಹತ್ತಿರದ ಶಾಲೆಯಲ್ಲಿ ಮೂರನೆಯ ತರಗತಿ ಓದಿ ಊರಿಗೆ ಮರಳಿದ ಹುಡುಗಿ ಈ ಲೆಕ್ಕದಲ್ಲಿ ನಗರದವಳು. ಜಿಲ್ಲೆಯ ಪಟ್ಟಣಗಳ ಮಕ್ಕಳೊಂದಿಗೆ ಉಳಿದ ಶೇ 25ರೊಳಗೆ ಅವಳು ಸೆಣಸಬೇಕು. ಅವಳದೇ ಊರಿನಲ್ಲಿ ಗೊಬ್ಬರದ ಅಂಗಡಿ, ಎರಡು ಟ್ರ್ಯಾಕ್ಟರ್ ಇರುವವರ ಮಗ ಊರಿನ ಖಾಸಗಿ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣನೇ. ಆ ಕೋಟಾಕ್ಕೆ ಆದಾಯದ ಮಿತಿ ಇಲ್ಲವಲ್ಲ! ಹಳ್ಳಿ ಎಂದರೆ ಬಡತನ ಎಂದು ನಿಯಮ ಮಾಡಿದವರು ಭಾವಿಸಿದಂತಿದೆ. ಹಳ್ಳಿಯೊಳಗಿನ ಅಂತರ ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬೇರೆ ದಾರಿ ಇಲ್ಲವೆಂದಲ್ಲ. ನಮ್ಮ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಅನಾಥರು, ದೇವದಾಸಿಯರ ಮಕ್ಕಳು ಮುಂತಾದ ವಿಶೇಷ ವರ್ಗಗಳಿಗೆ ನೇರ ಪ್ರವೇಶವಿದೆ. ನವೋದಯವೂ ಭೂರಹಿತ ಕೂಲಿಕಾರರ, ಗುಳೆ ಹೋಗುವವರ ಮಕ್ಕಳಿಗೆ ಸೀಟು ತೆಗೆದಿರಿಸಬಹುದು. ದುಡಿಮೆಗಾಗಿ ಊರು ಬಿಟ್ಟ ಕುಟುಂಬಗಳಿಗೆ ಆ ಒಂದು ದಿನದ ಷರತ್ತನ್ನು ಸಡಿಲಿಸುವುದಕ್ಕೆ ಹೊಸ ಹಣವೇನೂ ಬೇಕಾಗಿಲ್ಲ.

ಇನ್ನು ನಮ್ಮಿಂದಾಗುವ ಕೆಲಸ. ಮುಂದಿನ ಸಂಚಿಕೆಯಿಂದ ಮಾನಸಿಕ ಸಾಮರ್ಥ್ಯದ ಅಭ್ಯಾಸಪುಟವೊಂದನ್ನು ಪ್ರಕಟಿಸುತ್ತೇವೆ. ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿ, ಯಾರ ಅನುಮತಿಯೂ ಬೇಡ. ಅರ್ಜಿಗೆ ಶುಲ್ಕವಿಲ್ಲ, ಆದರೆ ಅದನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಮುಖ್ಯ ಶಿಕ್ಷಕರ ಸಹಿ ಮೊಹರು ಇರುವ ಪ್ರಮಾಣಪತ್ರ ಬೇಕು. ಕೂಲಿ ಬಿಟ್ಟು ಸೈಬರ್ ಸೆಂಟರ್‌ಗೆ ಅಲೆಯಲಾಗದ ತಾಯಿ ತಂದೆಯರ ಪರವಾಗಿ ಆ ಕೆಲಸವನ್ನು ಶಾಲೆಯಲ್ಲೇ ಮಾಡಿಸಿ. ಗುಳೆಯಿಂದಾಗಿ ಗ್ರಾಮೀಣ ಕೋಟಾ ತಪ್ಪಿದ ಮಕ್ಕಳು ನಿಮ್ಮಲ್ಲಿದ್ದರೆ, ಹೆಸರು ಬಿಟ್ಟು ವಿವರ ಬರೆದು ಕಳಿಸಿ. ಅವನ್ನೆಲ್ಲ ಸೇರಿಸಿ ಸಮಿತಿಗೆ ಮನವಿ ಸಲ್ಲಿಸುತ್ತೇವೆ.

— ಸಂಪಾದಕ