ತಂದೆ, ಮಗ, ಪವಿತ್ರಾತ್ಮ: ದೇವರು ಒಬ್ಬನೋ, ಮೂವರೋ?

ಪ್ರಶ್ನೆ: ಕ್ರೈಸ್ತರು ದೇವರು ಒಬ್ಬನೇ ಎನ್ನುತ್ತಾರೆ. ಆದರೆ ತಂದೆ, ಮಗ, ಪವಿತ್ರಾತ್ಮ ಅಂತ ಮೂವರನ್ನು ಹೇಳುತ್ತಾರೆ. ಇದು ಮೂರು ದೇವರಾದ ಹಾಗೆ ಅಲ್ವಾ? ಯೇಸುವೇ ದೇವರಾದರೆ ಅವರು ಪ್ರಾರ್ಥನೆ ಮಾಡಿದ್ದು ಯಾರಿಗೆ? ಈ ಮೂವರೂ ಸೇರಿ ಒಬ್ಬನೇ ದೇವರು ಎನ್ನುವ 'ತ್ರಯೇಕತ್ವ' ಎಂಬ ಮಾತೇ ಬೈಬಲ್‌ನಲ್ಲಿಲ್ಲ, ನೈಸಿಯಾದಲ್ಲಿ ಸೇರಿದ ಬಿಷಪರ ಸಭೆಯಲ್ಲಿ ವೋಟು ಹಾಕಿ ತಂದದ್ದು ಅಂತಲೂ ಓದಿದ್ದೇನೆ. ನಿಜವೇ?

ಉತ್ತರ: ಆ ಮಾತು ಬೈಬಲ್‌ನಲ್ಲಿಲ್ಲ, ನಿಜ. ನೈಸಿಯಾದಲ್ಲಿ ಹುಟ್ಟಿದ್ದೂ ಅಲ್ಲ. ನೈಸಿಯಾ ಸಭೆ ಸೇರಿದ್ದು 325ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಲ್ಯಾಟಿನ್‌ನಲ್ಲಿ ಆ ಮಾತನ್ನು ಬಳಸಿದ್ದರು.

ಮೂರು ದೇವರು ಅಂತ ಒಪ್ಪಿಕೊಂಡಿದ್ದರೆ ಕ್ರೈಸ್ತರಿಗೆ ಈ ತಲೆನೋವೇ ಇರುತ್ತಿರಲಿಲ್ಲ. ರೋಮ್ ಸಾಮ್ರಾಜ್ಯದಲ್ಲಿ ದೇವರುಗಳಿಗೇನು ಬರವಿರಲಿಲ್ಲ. ಆದರೆ ಮೊದಲ ಕ್ರೈಸ್ತರು ಯೆಹೂದ್ಯರು. ದೇವರು ಒಬ್ಬನೇ ಎಂಬುದು ಅವರ ಬಾಯಿಪಾಠ. ಯೇಸು ಕೂಡ ಎಲ್ಲಕ್ಕಿಂತ ಮುಖ್ಯ ಆಜ್ಞೆ ಯಾವುದು ಎಂದು ಕೇಳಿದಾಗ ಇದರಿಂದಲೇ ಶುರು ಮಾಡುತ್ತಾರೆ (ಮಾರ್ಕ 12:29). ಆ ಜನರೇ ಯೇಸುವನ್ನು ಆರಾಧಿಸತೊಡಗಿದರು. ಅದನ್ನೂ ಬಿಡಲೊಲ್ಲರು, ಇದನ್ನೂ ಬಿಡಲೊಲ್ಲರು. ತ್ರಯೇಕತ್ವ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ನೈಸಿಯಾದ ಜಗಳವನ್ನೇ ನೋಡಿ. ಅಲೆಕ್ಸಾಂಡ್ರಿಯಾದ ಪಾದ್ರಿ ಅರಿಯಸ್ ಹೇಳಿದ್ದು ಇಷ್ಟು: ಆದಿ ಇಲ್ಲದವನು ತಂದೆ ಒಬ್ಬನೇ, ಮಗ ಎಷ್ಟೇ ದೊಡ್ಡವನಾದರೂ ದೇವರ ಸೃಷ್ಟಿ. ಅರಿಯಸ್‌ನ ಕಾಳಜಿಯೂ ಏಕದೇವತ್ವವೇ. ಈ ವಾದವನ್ನು ಜೀವನವಿಡೀ ಎದುರಿಸಿದವರು ಅಲೆಕ್ಸಾಂಡ್ರಿಯಾದ ಬಿಷಪರಾದ ಅಥನೇಸಿಯಸ್. ಅದಕ್ಕಾಗಿ ಐದು ಸಲ ಗಡಿಪಾರಾದರು. ಅವರ ತಿರುಗೇಟು ಚುರುಕಾಗಿದೆ: ಮಗ ಸೃಷ್ಟಿಯಾದರೆ ನಾವು ಆರಾಧಿಸುತ್ತಿರುವುದು ಸೃಷ್ಟಿಯನ್ನು. ಆಗ ದೊಡ್ಡ ದೇವರೊಬ್ಬ, ಚಿಕ್ಕ ದೇವರೊಬ್ಬ ಆಗಲಿಲ್ಲವೇ? ಅಂದರೆ ಎರಡೂ ಕಡೆಯವರು ಏಕದೇವತ್ವದ ಹೆಸರಲ್ಲೇ ಬಡಿದಾಡಿದರು. ನನಗೆ ಅಥನೇಸಿಯಸ್ ವಾದವೇ ಗಟ್ಟಿ ಅನ್ನಿಸುತ್ತದೆ.

ಮಗ ಮತ್ತು ತಂದೆ ಒಂದೇ ಸತ್ವದವರು ಎಂದು ನೈಸಿಯಾ ಸಭೆ ತೀರ್ಮಾನಿಸಿತು. ಹೌದು, ಬಿಷಪರು ಸಹಿ ಹಾಕಿದರು, ಚಕ್ರವರ್ತಿ ಕಾನ್‌ಸ್ಟಂಟೈನ್ ಒತ್ತಡವೂ ಇತ್ತು. ಆದರೆ 325ರ ವಿಶ್ವಾಸ ಪ್ರಮಾಣವನ್ನು ಓದಿದರೆ ಮಜವಾದ ಒಂದು ಸಂಗತಿ ಕಾಣುತ್ತದೆ. ಮಗನ ಬಗ್ಗೆ ಸಾಲು ಸಾಲು ಬರೆದವರು ಪವಿತ್ರಾತ್ಮನ ಬಗ್ಗೆ 'ಪವಿತ್ರಾತ್ಮನನ್ನೂ ನಂಬುತ್ತೇವೆ' ಎಂದು ಸುಮ್ಮನಾಗಿದ್ದಾರೆ. ಆ ಭಾಗ ತುಂಬಿದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ. ಒಂದೇ ದಿನ ವೋಟಿಗೆ ಹಾಕಿ ಮುಗಿಸಿದ ಸಿದ್ಧಾಂತ ಹೀಗಿರುವುದಿಲ್ಲ.

ಇನ್ನು ಯೇಸು ಪ್ರಾರ್ಥಿಸಿದ್ದು ಯಾರಿಗೆ? ತಂದೆಗೆ. ಕ್ರೈಸ್ತರ ಪ್ರಕಾರ ಮಗ ಬೇರೆ, ತಂದೆ ಬೇರೆ. ಆದರೆ ಬೇರೆ ಬೇರೆ ದೇವರಲ್ಲ. 'ದೇವರು ಏನು' ಎಂದರೆ ಉತ್ತರ ಒಂದು. 'ಯಾರು' ಎಂದರೆ ಮೂವರು. ನೀರು, ಮಂಜುಗಡ್ಡೆ, ಆವಿ ಎಂಬ ಹೋಲಿಕೆಯನ್ನು ಪಾಠ ಮಾಡುವವರು ಜಾಸ್ತಿ ಬಳಸುತ್ತಾರೆ. ದಯವಿಟ್ಟು ನಂಬಬೇಡಿ. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಎಂದಂತಾಗುತ್ತದೆ. ಮೂರನೇ ಶತಮಾನದ ಬೋಧಕ ಸಬೆಲ್ಲಿಯಸ್ ಹೆಸರಿನಲ್ಲಿ ಪ್ರಸಿದ್ಧವಾದ ಈ ವಾದವನ್ನು ಚರ್ಚ್ ಆಗಲೇ ತಳ್ಳಿಹಾಕಿತ್ತು. ಒಬ್ಬನೇ ವೇಷ ಬದಲಿಸುತ್ತಿದ್ದರೆ ಯೇಸುವಿನ ಪ್ರಾರ್ಥನೆ ಬರೀ ನಾಟಕ. ಯೊರ್ದಾನ್ ನದಿಯ ದೀಕ್ಷಾಸ್ನಾನದಲ್ಲಿ ಮಗ ನೀರಿನಿಂದ ಮೇಲೆ ಬರುತ್ತಿದ್ದಾನೆ, ತಂದೆಯ ದನಿ ಆಕಾಶದಿಂದ ಕೇಳುತ್ತಿದೆ, ಆತ್ಮ ಪಾರಿವಾಳದಂತೆ ಇಳಿಯುತ್ತಿದೆ. ಮೂವರೂ ಒಟ್ಟಿಗೇ!

ಬೈಬಲ್ ಆಧಾರದ ಬಗ್ಗೆ ಒಂದು ಎಚ್ಚರಿಕೆ. 1 ಯೋಹಾನ 5:7ರಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಪರಲೋಕದ ಮೂವರು ಸಾಕ್ಷಿಗಳ ಮಾತು ಕೆಲವು ಹಳೆಯ ಭಾಷಾಂತರಗಳಲ್ಲಿದೆ. ಅದು ಆಮೇಲೆ ಸೇರಿದ್ದು. ವಿದ್ವಾಂಸ ಎರಾಸ್ಮಸ್ 1516ರ ತಮ್ಮ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದನ್ನು ಬಿಟ್ಟಿದ್ದರು, 1522ರಲ್ಲಿ ಸೇರಿಸಿದರು. ಅದನ್ನು ನೆಚ್ಚಿಕೊಂಡು ವಾದಕ್ಕಿಳಿಯಬೇಡಿ.

ಈ ವಿವರಣೆ ಯೆಹೂದ್ಯರಿಗೂ ಮುಸ್ಲಿಮರಿಗೂ ಒಪ್ಪಿಗೆಯಾಗುವುದಿಲ್ಲ. ಅದು ತಪ್ಪು ತಿಳುವಳಿಕೆ ಮಾತ್ರ ಅಂತ ಹೇಳಲಾಗದು. ಅವರ ಪ್ರಕಾರ ಏಕತ್ವದೊಳಗೆ 'ಮೂವರು' ಎಂಬುದಕ್ಕೆ ಜಾಗವೇ ಇಲ್ಲ. ಯೇಸುವಿನ ಹೆಸರು ಹೇಳುವ ಎಲ್ಲರೂ ಒಪ್ಪುತ್ತಾರೆ ಅಂತಲೂ ಇಲ್ಲ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟಂಟ್ ಸಭೆಗಳ ನಂಬಿಕೆ ಇದು. ಯೆಹೋವನ ಸಾಕ್ಷಿಗಳು ಮತ್ತು ಯೂನಿಟೇರಿಯನ್ನರು ಒಪ್ಪುವುದಿಲ್ಲ.