ಮೇಷ್ಟ್ರನ್ನು ಕೇಳಿ: ಟಾಟಾ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಬಿಎಸ್ಸಿನಾ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಚಳ್ಳಕೆರೆ. ಮನೆಯವರು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿ ಜೆಇಇ ಅಡ್ವಾನ್ಸ್‌ಡ್, ಐಸರ್ ವಿಜ್ಞಾನ ಸಂಸ್ಥೆಗಳ ಪ್ರವೇಶ ಪರೀಕ್ಷೆ ಐಎಟಿ ಎರಡೂ ಬರೆದಳು. ಒಂದು ಐಐಟಿಯಲ್ಲಿ ಸಿವಿಲ್ ಸಿಗುತ್ತೆ, ಸಿಇಟಿಯಲ್ಲಿ ಬೆಂಗಳೂರಿನ ಒಳ್ಳೆ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಸಿಗುತ್ತೆ. ಅವಳು ಮಾತ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲಿ ಬಿಎಸ್ ಓದುತ್ತೇನೆ ಎಂದು ಹಟ ಹಿಡಿದು ಕೂತಿದ್ದಾಳೆ, ಅಲ್ಲೂ ಸೀಟು ಬಂದಿದೆ. ನಮ್ಮ ಭಾವನವರು ‘ಇಷ್ಟೆಲ್ಲಾ ಕೋಚಿಂಗ್ ಕೊಡಿಸಿ ಕೊನೆಗೆ ಬಿಎಸ್ಸಿನಾ?’ ಎಂದು ನಗುತ್ತಾರೆ. ಏನು ಮಾಡಲಿ?

ಉತ್ತರ: ತಾಯಿ, ಮೊದಲು ನಿಮ್ಮ ಭಾವನವರ ವಿಷಯ ಮುಗಿಸಿಬಿಡೋಣ. ಸಿ.ಎನ್.ಆರ್. ರಾವ್ ಅವರೂ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿಯೇ, ಆಮೇಲೆ 1984ರಿಂದ 1994ರವರೆಗೆ ಇದೇ ಐಐಎಸ್‌ಸಿಯ ನಿರ್ದೇಶಕರಾಗಿದ್ದರು ಎಂದು ಹೇಳಿ ಅವರ ಬಾಯಿ ಮುಚ್ಚಿಸಬಹುದು. ಆದರೆ ಅದು ವಾದ ಅಲ್ಲ. ಎಲ್ಲರೂ ಸಿ.ಎನ್.ಆರ್. ರಾವ್ ಆಗುವುದಿಲ್ಲ, ನಿಮ್ಮ ಮಗಳು ಆಗಬೇಕಾಗಿಯೂ ಇಲ್ಲ. ಅವರಿಗೆ ಗೊತ್ತಿರುವುದು ಮೂರು ವರ್ಷದ ಬಿಎಸ್ಸಿ. ಇದು ನಾಲ್ಕು ವರ್ಷದ್ದು, ಕೊನೆಯ ವರ್ಷ ಒಬ್ಬ ಪ್ರೊಫೆಸರ್ ಲ್ಯಾಬಿನಲ್ಲಿ ಕೂತು ಸ್ವಂತ ಪ್ರಾಜೆಕ್ಟ್ ಮಾಡಿ ಥೀಸಿಸ್ ಬರೆಯಬೇಕು. ಬೇಕಾದರೆ ಐದನೇ ವರ್ಷ ಉಳಿದು ಮಾಸ್ಟರ್ಸ್ ಡಿಗ್ರಿಯನ್ನೂ ತೆಗೆದುಕೊಳ್ಳಬಹುದು.

ಈಗ ಅಸಲಿ ವಿಷಯ. ಐಐಎಸ್‌ಸಿ 1909ರಲ್ಲಿ ಶುರುವಾಯಿತು, ಮೈಸೂರು ಅರಸರು 371 ಎಕರೆ ಜಾಗ ಕೊಟ್ಟರು, ಟಾಟಾ ದುಡ್ಡು ಕೊಟ್ಟರು ಎನ್ನುವುದೆಲ್ಲ ನಿಮಗೂ ಗೊತ್ತಿರುತ್ತದೆ. ಬೆಂಗಳೂರಿನ ಹಳೇ ಆಟೋದವರಿಗೆ ಈಗಲೂ ಐಐಎಸ್‌ಸಿ ಅಂದರೆ ಅರ್ಥ ಆಗೋದಿಲ್ಲ, ಟಾಟಾ ಇನ್‌ಸ್ಟಿಟ್ಯೂಟ್ ಅನ್ನಬೇಕು. ಆದರೆ ಅಲ್ಲಿ ನಾಲ್ಕು ವರ್ಷದ ಈ ಡಿಗ್ರಿ ಶುರುವಾಗಿದ್ದು 2011ರಲ್ಲಿ. ಅಂದರೆ ನೂರು ವರ್ಷ ಸಂಶೋಧನೆಯನ್ನೇ ಮಾಡಿಕೊಂಡು ಬಂದ ಮನೆಯೊಳಗೆ ಪಿಯುಸಿ ಮುಗಿಸಿದ ಮಕ್ಕಳನ್ನು ಬಿಟ್ಟುಕೊಂಡಿದ್ದು ಮೊನ್ನೆ ಮೊನ್ನೆ. ಅಲ್ಲಿ ಇವತ್ತಿಗೂ ಪಿಎಚ್‌ಡಿಯವರೇ ಜಾಸ್ತಿ, ಡಿಗ್ರಿ ಮಕ್ಕಳು ಕಡಿಮೆ. ಅಲ್ಲಿ ಸೇರುವುದಕ್ಕೆ ಅತಿ ದೊಡ್ಡ ಕಾರಣ ಇದೇ ಎಂದು ನನ್ನ ಲೆಕ್ಕ, ಹೆದರುವುದಕ್ಕೂ ಇದೇ ಕಾರಣ.

ಯಾಕೆ ಅಂತ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿ, ಹೆಸರು ಬೇಡ. ಫಿಸಿಕ್ಸ್ ಬಿಟ್ಟು ಬೇರೆ ಏನೂ ಬೇಡ ಅನ್ನುತ್ತಿದ್ದವನು, ಬಯಾಲಜಿ ಅಂದರೆ ಕಪ್ಪೆ ಚಿತ್ರ ಬಿಡಿಸೋದು ಅಂತ ಹತ್ತನೇ ಕ್ಲಾಸಿನಲ್ಲೇ ಕೈಮುಗಿದಿದ್ದ. ಐಐಎಸ್‌ಸಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಎಲ್ಲ ವಿಷಯ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ, ಅದರ ಜೊತೆಗೆ ಪ್ರೋಗ್ರಾಮಿಂಗ್, ಒಂದಿಷ್ಟು ಎಂಜಿನಿಯರಿಂಗ್, ಹ್ಯುಮಾನಿಟೀಸ್ ಕೂಡ. ಗೊಣಗಿಕೊಂಡೇ ಬಯಾಲಜಿ ಕ್ಲಾಸಿಗೆ ಹೋದ. ಮೊದಲ ವರ್ಷದ ರಜೆಗೆ ಊರಿಗೆ ಬಂದವನು ನಮ್ಮ ಮನೆ ಜಗಲಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಎರಡು ಗಂಟೆ ಮಾತಾಡಿದ್ದು ಬರೀ ಒಂದು ಹುಳದ ಬಗ್ಗೆ. ‘ಸಾರ್, ಒಂದು ಮಿಲಿಮೀಟರ್ ಉದ್ದ. ಅದಕ್ಕಿರೋದು 302 ನರಕೋಶ, ಅಷ್ಟನ್ನೂ ಎಣಿಸಿ, ಯಾವುದು ಯಾವುದಕ್ಕೆ ಸೇರುತ್ತೆ ಅಂತ ನಕ್ಷೆ ಬರೆದಿಟ್ಟಿದ್ದಾರೆ. ಆದರೂ ಅದು ಯಾಕೆ ಎಡಕ್ಕೆ ತಿರುಗಿತು ಅಂತ ಪೂರ್ತಿ ಹೇಳೋಕೆ ಆಗಲ್ಲ!’ ಮೆಣಸಿನಕಾಯಿ ತಣ್ಣಗಾಯಿತು, ಅವನಿಗೆ ಗಮನವೇ ಇಲ್ಲ. ಆ ಹುಳ ಅವನಿಗೆ ಸಿಕ್ಕಿದ್ದು ಪಾಠದಲ್ಲಿ ಅಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ಪಿಎಚ್‌ಡಿ ಅಕ್ಕ ಒಬ್ಬರು ‘ಬಾ, ನೋಡು’ ಅಂತ ಲ್ಯಾಬಿಗೆ ಕರೆದುಕೊಂಡು ಹೋಗಿದ್ದರಂತೆ. ಅವನು ಕೊನೆಗೆ ಮೇಜರ್ ತೆಗೆದುಕೊಂಡಿದ್ದೂ ಬಯಾಲಜಿಯನ್ನೇ.

ಹದಿನೇಳು ವರ್ಷಕ್ಕೆ ಬ್ರಾಂಚ್ ಆರಿಸಬೇಕು ಅನ್ನುವ ನಮ್ಮ ಪದ್ಧತಿಯೇ ನನಗೆ ಹಿಡಿಸುವುದಿಲ್ಲ. ನಿಮ್ಮ ಮಗಳಿಗೆ ಸಿವಿಲ್ ಇಷ್ಟ ಇದೆಯಾ? ಇದ್ದರೆ ಐಐಟಿಗೆ ಕಳಿಸಿ, ಕಣ್ಣುಮುಚ್ಚಿ ಕಳಿಸಿ. ಆದರೆ ರ‍್ಯಾಂಕಿಗೆ ಸಿಕ್ಕಿತು, ಹೆಸರು ದೊಡ್ಡದು ಎಂದು ಮಾತ್ರ ಹೋದರೆ ನಾಲ್ಕು ವರ್ಷ ಜಾಸ್ತಿಯೇ ಉದ್ದ ಅನ್ನಿಸುತ್ತದೆ. ಹಾಗೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಐಐಎಸ್‌ಸಿಯನ್ನೂ ಹೆಸರಿಗಾಗಿ ಸೇರಬಾರದು, ಅದೂ ಅಷ್ಟೇ.

ದುಡ್ಡಿನ ಮಾತು ಬರೆದಿಲ್ಲ ನೀವು, ಆದರೆ ಮನಸ್ಸಿನಲ್ಲಿ ಇರುತ್ತೆ ಅಲ್ವಾ. ಐಐಟಿ ಬಿಟೆಕ್ ಟ್ಯೂಷನ್ ಫೀಯೇ 2016ರಿಂದ ವರ್ಷಕ್ಕೆ 2 ಲಕ್ಷ. ಆದಾಯ ಕಡಿಮೆ ಇದ್ದವರಿಗೆ ವಿನಾಯಿತಿ ಇದೆ, ಅದು ಬೇರೆ ಮಾತು. ಐಐಎಸ್‌ಸಿ ಬಿಎಸ್ ಫೀ ಅದರ ಮುಂದೆ ಏನೂ ಅಲ್ಲ. ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000 ರೂಪಾಯಿ. ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಶೇಕಡಾ ಒಂದರೊಳಗೆ ಬಂದಿದ್ದರೆ ಅರ್ಜಿ ಹಾಕಿಸಿ, ಸುಮ್ನೆ ಬಿಡಬೇಡಿ.

ಇನ್ನು ಕೆಲಸ. ಇಲ್ಲಿ ನಾನು ಸಿಹಿ ಮಾತು ಹೇಳುವುದಿಲ್ಲ. ನಾಲ್ಕು ವರ್ಷ ಮುಗಿದ ತಕ್ಷಣ ಕ್ಯಾಂಪಸ್ಸಿಗೇ ಕಂಪನಿ ಬಂದು ದೊಡ್ಡ ಸಂಬಳದ ಪತ್ರ ಕೊಡಬೇಕು, ಮನೆಗೆ ಅದು ಈಗಲೇ ಬೇಕು ಅಂತಿದ್ದರೆ ಸಿಇಟಿ ಸೀಟಿನ ಕಂಪ್ಯೂಟರ್ ಸೈನ್ಸೇ ಸರಿ. ಬಿಎಸ್ ಮಾಡಿದವರಲ್ಲೂ ಕಂಪನಿ ಕೆಲಸಕ್ಕೆ ಹೋಗುವವರಿದ್ದಾರೆ, ಆದರೆ ಆ ಓದನ್ನು ಕಟ್ಟಿರುವುದೇ ಮುಂದೆ ಪಿಎಚ್‌ಡಿಗೆ ಹೋಗುವವರಿಗೆ. ಅಲ್ಲಿಗೆ ಇನ್ನೂ ಐದಾರು ವರ್ಷ. ಫೆಲೋಶಿಪ್ ಬರುತ್ತದೆ, ಹೊಟ್ಟೆಗೆ ತೊಂದರೆ ಇಲ್ಲ, ಆದರೆ ಓರಗೆಯವರು ಕಾರು ಕೊಂಡಾಗ ಇವಳು ಸೈಕಲ್ ತುಳಿಯುತ್ತಿರುತ್ತಾಳೆ. ಮನೆಯವರ ಜೊತೆ ಇದನ್ನು ಬಿಚ್ಚಿ ಮಾತಾಡಿ.

ಇನ್ನೊಂದು ಹೆದರಿಕೆ ಹೇಳಿದೆನಲ್ಲ. ಊರಿನಲ್ಲಿ ಸದಾ ಫಸ್ಟ್ ಬಂದ ಮಗು ಅಲ್ಲಿ ಹೋಗಿ ಮೊದಲ ಟೆಸ್ಟಿನಲ್ಲಿ ನೂರಕ್ಕೆ ಮೂವತ್ತು ತೆಗೆದುಕೊಂಡು ರಾತ್ರಿ ಫೋನ್ ಮಾಡಿ ಅಳಬಹುದು. ನನ್ನ ಹುಳದ ಹುಡುಗನೂ ಅತ್ತಿದ್ದ. ಆಗ ‘ನಾವು ಅವತ್ತೇ ಹೇಳಿದ್ವಿ’ ಅನ್ನಬೇಡಿ, ಅಷ್ಟು ಮಾಡಿ.

ಮಗಳು ಅಂತ ಬರೆದಿದ್ದೀರಿ, ಅದಕ್ಕೆ ಒಂದು ಹಳೇ ಸಂಗತಿ. 1933ರಲ್ಲಿ ಕಮಲಾ ಸೊಹೊನಿ ಅನ್ನುವ ಹುಡುಗಿ ಅಲ್ಲಿ ಸೀಟು ಕೇಳಿದಾಗ ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೇ ಬೇಡ ಅಂದಿದ್ದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥ ಎಂದು ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಹಟ ಹಿಡಿದು ಕೂತವರು ನಿಮ್ಮ ಮಗಳೇ ಮೊದಲಲ್ಲ.

ಪ್ರಶ್ನೆ: ಸರ್, ನಾನು ಶಿರಸಿ, ಪಿಸಿಎಂಸಿ ಕಾಂಬಿನೇಷನ್, ಫಸ್ಟ್ ಪಿಯು. ಬಯಾಲಜಿ ಇಲ್ಲದಿದ್ದರೆ ಐಐಎಸ್‌ಸಿ ಬಿಎಸ್ ಸಿಗುವುದಿಲ್ಲವಾ? ಸಿಇಟಿ ರ‍್ಯಾಂಕ್ ನಡೆಯುತ್ತಾ?

ಉತ್ತರ: ಸಿಗುತ್ತಪ್ಪ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮುಖ್ಯ ವಿಷಯಗಳಾಗಿ ಇರಬೇಕು ಅಷ್ಟೇ. ಸೇರಿದ ಮೇಲೆ ಬಯಾಲಜಿ ತಪ್ಪುವುದಿಲ್ಲ, ಮೇಲಿನ ಕಥೆ ಓದು. ಸಿಇಟಿ ನಡೆಯುವುದಿಲ್ಲ. ಯಾರಾದರೂ ಕೆವಿಪಿವೈ ಬರಿ ಅಂದರೆ ಅವರು ಹಳೇ ಕಾಲದವರು, ಆ ಪರೀಕ್ಷೆ ನಿಂತುಹೋಯಿತು. ಈಗ ಜೆಇಇ ಅಡ್ವಾನ್ಸ್‌ಡ್, ಇಲ್ಲವೇ ಐಸರ್‌ನವರು ನಡೆಸುವ ಐಎಟಿ. ಎಚ್ಚರ, ಪರೀಕ್ಷೆ ಬರೆದರೆ ಸಾಲದು, ಐಐಎಸ್‌ಸಿಗೇ ಬೇರೆ ಅರ್ಜಿ ಹಾಕಬೇಕು. ಐಐಟಿ ಕೌನ್ಸೆಲಿಂಗ್‌ನಲ್ಲಿ ಅದು ಬರುವುದಿಲ್ಲ. ಇದನ್ನು ತಿಳಿಯದೆ ವರ್ಷ ಕಳೆದುಕೊಂಡವರಿದ್ದಾರೆ. ಕಂಪ್ಯೂಟರ್ ಕಡೆಯೇ ಒಲವಿದ್ದರೆ ಅಲ್ಲೇ 2022ರಿಂದ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಿಟೆಕ್ ಕೂಡ ಇದೆ. ಅದಕ್ಕೆ ಅಡ್ವಾನ್ಸ್‌ಡ್ ರ‍್ಯಾಂಕ್ ತುಂಬಾ ಮೇಲಿರಬೇಕು.

ಪ್ರಶ್ನೆ: ನಮ್ಮ ಚಳ್ಳಕೆರೆ ಹತ್ತಿರ ಕುದಾಪುರದಲ್ಲೇ ಐಐಎಸ್‌ಸಿ ಇದೆಯಲ್ಲ, ಅಲ್ಲೇ ಸೀಟು ಕೇಳಿದರೆ ಮಗ ಮನೆಯಿಂದ ಓಡಾಡಬಹುದಾ?

ಉತ್ತರ: ಈ ವಾರ ಚಳ್ಳಕೆರೆಯಿಂದಲೇ ಎರಡು ಪತ್ರ! ಇಲ್ಲ ಸ್ವಾಮಿ, ಡಿಗ್ರಿ ಕ್ಲಾಸುಗಳು ಬೆಂಗಳೂರಿನಲ್ಲಿ. ಕುದಾಪುರದ 1,500 ಎಕರೆಯಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ನಾನೂ ಹೋಗಿದ್ದೆ. ನಲವತ್ತು ದಾಟಿದ ಲೆಕ್ಚರರ್‌ಗಳು ಒಂದು ಲೆನ್ಸಿಗಾಗಿ ಹುಡುಗರ ಥರ ಕಿತ್ತಾಡಿದ್ದೆವು. ಮಗನನ್ನು ಹಾಸ್ಟೆಲ್ಲಿಗೆ ಬಿಡಿ, ಬೆಂಗಳೂರು ಬಸ್ಸು ನಿಮ್ಮೂರಿನಿಂದಲೇ ಇದೆ.